ರಬ್ಬರ್ ಅಚ್ಚಿನ ಕಸುಬು: ಮನೆಯ ಸಾಮಗ್ರಿಯಿಂದ ಆರಂಭಿಕ ಕಲಿಕೆ

ಮಹಿಳಾ ಸ್ವಸಹಾಯ ಗುಂಪುಗಳು ಹಾಗೂ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ಬಟ್ಟೆಯ ಕೈಚೀಲ, ಹಪ್ಪಳ ಮತ್ತು ಚಟ್ನಿಪುಡಿಯ ಪೊಟ್ಟಣ, ಶುಭಾಶಯ ಪತ್ರ ಮುಂತಾದವುಗಳ ಮೇಲೆ ತಮ್ಮದೇ ಗುರುತನ್ನು ಒತ್ತಿಕೊಳ್ಳಲು ತರಬೇತಿ ಕೋರುವುದುಂಟು. ಇಂತಹ ಕೋರಿಕೆ ಸಭೆಯ ಮುಂದೆ ಬಂದಾಗ ಚರ್ಚೆಯು ಸಾಮಗ್ರಿ ಪೆಟ್ಟಿಗೆಯ ದರದ ಸುತ್ತಲೇ ತಿರುಗಿ ಮುಗಿಯುವ ಸಂಭವವಿದೆ. ಆದರೆ ಈ ಕಸುಬಿನಲ್ಲಿ ಕಲಿಯುವವರ ಮೊದಲ ಒಂದೆರಡು ತಿಂಗಳಿಗೆ ಬೇಕಾದ ಬಹುತೇಕ ವಸ್ತುಗಳು ಶಾಲಾ ಸಾಮಗ್ರಿಯ ಅಂಗಡಿಯಲ್ಲಿ, ಸೈಕಲ್ ದುರಸ್ತಿಯ ಅಂಗಡಿಯಲ್ಲಿ ಮತ್ತು ಅಡುಗೆಮನೆಯಲ್ಲಿಯೇ ದೊರೆಯುತ್ತವೆ. ಹಣ ತೊಡಗಿಸಬೇಕಾದ ಸ್ಥಳ ಒಂದೇ: ಬಟ್ಟೆಗೆ ಬಳಸುವ ಬಣ್ಣ. ಅದೇಕೆಂಬುದನ್ನು ಸದಸ್ಯರು ಅರಿತಿದ್ದರೆ ಪ್ರಸ್ತಾವನೆಯನ್ನು ತೂಗಿ ನೋಡುವುದು ಸುಲಭ.

ಕಚ್ಚಾ ರಬ್ಬರ್ ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಟೆದುಕೊಳ್ಳುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅವರು ರಬ್ಬರನ್ನು ಗಂಧಕದೊಡನೆ ಕಾಯಿಸಿ ಸ್ಥಿರಗೊಳಿಸುವ ವಿಧಾನವನ್ನು ಕಂಡುಕೊಂಡ ನಂತರವೇ ರಬ್ಬರ್ ಮೊಹರು ಸಾಧ್ಯವಾಯಿತು. 1860ರ ದಶಕದಲ್ಲಿ ಅದು ಅಲ್ಲಿಯೇ ಬಳಕೆಗೆ ಬಂದಿತು. ಕಚೇರಿಯ ಮೊಹರುಗಳನ್ನು ಹಿಂದೆ ಅಚ್ಚಿನಲ್ಲಿ ರಬ್ಬರ್ ಒತ್ತಿ ಕಾಯಿಸಿ ತಯಾರಿಸುತ್ತಿದ್ದರು, ಈಗ ಲೇಸರ್ ಯಂತ್ರದಿಂದ ಕೊರೆಯುತ್ತಾರೆ. ಇವೆರಡೂ ಮನೆಯಲ್ಲಿ ಮಾಡುವ ಕೆಲಸಗಳಲ್ಲ. ಹಳೆಯ ಟ್ಯೂಬನ್ನು ಕರಗಿಸಿ ಅಚ್ಚು ಹೊಯ್ಯುವ ಪ್ರಯತ್ನವನ್ನಂತೂ ಯಾರೂ ಮಾಡಬಾರದು: ಒಮ್ಮೆ ಗಂಧಕದೊಡನೆ ಬೆಂದ ರಬ್ಬರ್ ಪುನಃ ಕರಗುವುದಿಲ್ಲ, ಸುಟ್ಟು ವಿಷದ ಹೊಗೆಯನ್ನಷ್ಟೇ ಕೊಡುತ್ತದೆ. ಆದ್ದರಿಂದ ಮನೆಯ ಅಚ್ಚು ಎಂದರೆ ಕೆತ್ತಿದ ಅಚ್ಚು ಅಥವಾ ಕತ್ತರಿಸಿ ಅಂಟಿಸಿದ ಅಚ್ಚು.

ಕೆತ್ತನೆಗೆ ಪೆನ್ಸಿಲ್ ಬರಹ ಅಳಿಸುವ ದೊಡ್ಡ ಗಾತ್ರದ ಬಿಳಿ ರಬ್ಬರ್ ಅತ್ಯುತ್ತಮ. ಅದು ಮೃದುವಾಗಿದ್ದರೂ ಪುಡಿಯಾಗುವುದಿಲ್ಲ, ಅಲಗಿನ ಗೆರೆಯನ್ನು ಚೊಕ್ಕವಾಗಿ ಹಿಡಿದುಕೊಳ್ಳುತ್ತದೆ. ಉಳಿಯ ಬದಲಿಗೆ ಮುರಿದ ಛತ್ರಿಯ ಕಡ್ಡಿಯನ್ನು ಬಳಸಬಹುದು. ಹಳೆಯ ಮಾದರಿಯ ಛತ್ರಿಕಡ್ಡಿಯು ಕಾಲುವೆಯಂತೆ ಒಳಗೆ ಪೊಳ್ಳಾಗಿರುವ ಉಕ್ಕಿನ ಪಟ್ಟಿ. ಅದರ ತುದಿಯನ್ನು ಓರೆಯಾಗಿ ಸಾಣೆ ಹಿಡಿದು ಮರದ ಹಿಡಿಗೆ ಸಿಕ್ಕಿಸಿದರೆ ಸಣ್ಣ ಗುಳಿ ಉಳಿ ಸಿದ್ಧ. ಅಂಚು ಬಿಡಿಸಲು ಕಾಗದ ಕತ್ತರಿಸುವ ಸರಿಯುವ ಅಲಗಿನ ಚಾಕು ಸಾಕು. ಅಲಗನ್ನು ಯಾವಾಗಲೂ ಹಿಡಿದ ಕೈಯಿಂದ ದೂರದ ದಿಕ್ಕಿಗೇ ತಳ್ಳತಕ್ಕದ್ದು.

ಕಲಿಯುವವರು ಎಡವುವುದು ಎರಡು ಕಡೆ. ಮೊದಲನೆಯದು ಕೆತ್ತನೆಯ ಇಳಿಜಾರು. ಉಬ್ಬಿ ನಿಲ್ಲಬೇಕಾದ ಗೆರೆಯ ಬುಡವು ಅದರ ನೆತ್ತಿಗಿಂತ ಅಗಲವಾಗಿರಬೇಕು. ಕೆರೆಯ ಏರಿ ಮೇಲೆ ಕಿರಿದಾಗಿ ಕೆಳಗೆ ಹರಡಿ ನಿಲ್ಲುವಂತೆ. ಅಲಗನ್ನು ಗೆರೆಯ ಒಳಬದಿಗೆ ವಾಲಿಸಿ ಬುಡವನ್ನು ಕೊರೆದರೆ ಅಚ್ಚು ಹೊಸದಿದ್ದಾಗ ಚೆನ್ನಾಗಿಯೇ ಕಾಣುತ್ತದೆ, ಒಂದಿಷ್ಟು ಬಾರಿ ಒತ್ತಿದ ಮೇಲೆ ಗೆರೆ ಮಡಚಿಕೊಂಡು ಹರಿಯುತ್ತದೆ. ವಕ್ರಗೆರೆ ಕೆತ್ತುವಾಗ ಚಾಕನ್ನು ಸ್ಥಿರವಾಗಿ ಹಿಡಿದು ರಬ್ಬರನ್ನೇ ತಿರುಗಿಸುತ್ತ ಹೋಗಬೇಕು. ಕನ್ನಡದ ಅಕ್ಷರಗಳೆಲ್ಲ ದುಂಡಾದವು, ಆದ್ದರಿಂದ ಈ ಅಭ್ಯಾಸ ಇಲ್ಲಿ ಅನಿವಾರ್ಯ. ಒತ್ತಕ್ಷರವಿರುವ ಹೆಸರನ್ನು ಕೆತ್ತಲು ಹೊರಟವರು ಅಕ್ಷರದ ಎತ್ತರವನ್ನು 15 ಮಿಲಿಮೀಟರಿಗಿಂತ ಕಡಿಮೆ ಇಡದಿರುವುದು ಒಳಿತು. ಗುಂಪಿನ ಹೆಸರು ಉದ್ದವಾಗಿದ್ದರೆ ಹೆಸರಿನ ಬದಲು ಒಂದು ಚಿತ್ರವನ್ನು, ಜೋಳದ ತೆನೆಯನ್ನೋ ಬಾಳೆಗೊನೆಯನ್ನೋ ಗುರುತಾಗಿ ಆರಿಸಿಕೊಳ್ಳುವುದೇ ಜಾಣತನ.

ಎರಡನೆಯದು ಹಿಮ್ಮುಖ ಬಿಂಬ. ಗ್ರಾಮ ಪಂಚಾಯಿತಿ ಚುನಾವಣೆಯ ಮತಪತ್ರದ ಮೇಲೆ ಒತ್ತುವ ಬಾಣದ ಗುರುತಿನ ಮೊಹರನ್ನು ಬಹುತೇಕ ಸದಸ್ಯರು ಬಲ್ಲರು. ಮತಪತ್ರವನ್ನು ಮಡಚಿದಾಗ ಹಸಿ ಮಸಿಯು ಎದುರು ಭಾಗಕ್ಕೆ ತಗುಲಿದರೆ ಅಲ್ಲಿ ಬಾಣಗಳು ವಿರುದ್ಧ ದಿಕ್ಕಿಗೆ ತಿರುಗಿರುತ್ತವೆ. ಅದರಿಂದ ಮೂಲ ಗುರುತು ಯಾವುದು, ತಗುಲಿದ ಗುರುತು ಯಾವುದು ಎಂಬುದು ಎಣಿಕೆಯ ವೇಳೆ ತಿಳಿಯುತ್ತದೆ. ಅಚ್ಚಿನ ಕೆತ್ತನೆಯಲ್ಲಿಯೂ ಇದೇ ನಿಯಮ. ನೇರವಾಗಿ ಕೆತ್ತಿದ ಅಕ್ಷರ ಕಾಗದದ ಮೇಲೆ ತಿರುಗಿ ಮೂಡುತ್ತದೆ. ಇದಕ್ಕೆ ಲೆಕ್ಕಾಚಾರ ಬೇಕಿಲ್ಲ. ತೆಳುವಾದ ಬೆಣ್ಣೆ ಕಾಗದದ ಮೇಲೆ ಮೃದು ಪೆನ್ಸಿಲಿನಿಂದ ನೇರ ಅಕ್ಷರವನ್ನೇ ಬರೆದು, ಬರೆದ ಮುಖವನ್ನು ರಬ್ಬರಿನ ಮೇಲೆ ಮಗುಚಿ ಹಾಕಿ ಚಮಚದ ಬೆನ್ನಿನಿಂದ ಉಜ್ಜಿದರೆ, ತಿರುಗಿದ ಬಿಂಬವು ತಾನಾಗಿಯೇ ರಬ್ಬರಿಗೆ ಇಳಿಯುತ್ತದೆ.

ದೊಡ್ಡ ಚಿತ್ರಗಳಿಗೆ ಸೈಕಲ್ಲಿನ ಹಳೆಯ ಟ್ಯೂಬ್ ಅನುಕೂಲ. ಟ್ಯೂಬನ್ನು ಸೀಳಿ, ಒಳಗಿನ ಬಿಳಿ ಪುಡಿಯನ್ನು ಸಾಬೂನಿನಿಂದ ತೊಳೆದು ಒಣಗಿಸಿ, ಕತ್ತರಿಯಿಂದ ಆಕಾರ ಬಿಡಿಸಿ ಮರದ ತುಂಡಿಗೆ ಅಂಟಿಸಬೇಕು. ಪಂಕ್ಚರ್ ಹಾಕುವ ಅಂಟನ್ನೇ ಎರಡೂ ಮುಖಕ್ಕೆ ಸವರಿ, ಕೆಲವು ನಿಮಿಷ ಆರಲು ಬಿಟ್ಟು ಜೋಡಿಸಿದರೆ ಹಿಡಿತ ಬಲವಾಗಿರುತ್ತದೆ. ಈ ಅಂಟು ಬೇಗ ಬೆಂಕಿ ಹಿಡಿಯುವಂಥದ್ದು. ಒಲೆಯ ಬಳಿ ಬೇಡ, ಕಿಟಕಿ ತೆರೆದಿರಲಿ. ಅಚ್ಚಿನ ಮುಖವನ್ನು ನಯವಾದ ಉಪ್ಪುಕಾಗದದಿಂದ ಒಮ್ಮೆ ತೀಡಬೇಕು, ಇಲ್ಲವಾದರೆ ನೀರಿನ ಬಣ್ಣವು ಅದರ ಮೇಲೆ ಹನಿಹನಿಯಾಗಿ ನಿಲ್ಲುತ್ತದೆ.

ಕಾಗದಕ್ಕೆ ಬೇಕಾದ ಮಸಿ ದಿಂಬನ್ನು ಡಬ್ಬಿಯ ಅಗಲವಾದ ಮುಚ್ಚಳದಲ್ಲಿ ತಯಾರಿಸಬಹುದು. ತಳಕ್ಕೆ ತೆಳು ಸ್ಪಂಜು, ಅದರ ಮೇಲೆ ಎರಡು ಪದರ ಉಣ್ಣೆಯ ಬಟ್ಟೆ, ಎಲ್ಲಕ್ಕೂ ಮೇಲೆ ಬಿಗಿದು ಕಟ್ಟಿದ ಹಳೆಯ ಮಲ್ ಬಟ್ಟೆ. ರಾಜಸ್ಥಾನದ ಬಗರು, ಸಾಂಗಾನೇರ್‌ಗಳ ಮುದ್ರಣಕಾರರ ಬಣ್ಣದ ತಟ್ಟೆಯ ಮೂಲತತ್ತ್ವವೂ ಇದೇ: ಬಣ್ಣವು ತಳದಲ್ಲಿ ನಿಂತು, ಮೇಲಿನ ಪದರದ ಮೂಲಕ ಬೇಕಾದಷ್ಟೇ ಒಸರಬೇಕು. ಮಸಿಗೆ ಅಡುಗೆ ಬಣ್ಣವನ್ನು ಸ್ವಲ್ಪ ನೀರಿನಲ್ಲಿ ಕದಡಿ ಕೆಲವು ಹನಿ ಗ್ಲಿಸರಿನ್ ಸೇರಿಸಿದರೆ ದಿಂಬು ಬೇಗನೆ ಒಣಗುವುದಿಲ್ಲ. ಕಪ್ಪು ಬೇಕಿದ್ದರೆ ದೀಪದ ಕಾಡಿಗೆಯನ್ನು ಜಾಲಿಯ ಗೋಂದಿನೊಡನೆ ಚೆನ್ನಾಗಿ ಅರೆಯಬೇಕು. ಕಾಡಿಗೆ ಬಿಸಿಲಿಗೆ ಮಾಸುವ ವಸ್ತುವಲ್ಲ. ಓಲೆಗರಿಯಲ್ಲಿ ಕಂಠದಿಂದ ಕೊರೆದ ಅಕ್ಷರಗಳಿಗೆ ಹಿರಿಯರು ತುಂಬುತ್ತಿದ್ದದ್ದು ಅದನ್ನೇ. ಅರಿಶಿನ, ಬೀಟ್ರೂಟ್‌ಗಳ ಬಣ್ಣ ಮಕ್ಕಳ ಆಟಕ್ಕೆ ಸರಿ. ಮಾರುವ ವಸ್ತುವಿಗೆ ಸಲ್ಲದು, ಏಕೆಂದರೆ ಅರಿಶಿನವು ಸಾಬೂನಿಗೆ ಕೆಂಪಾಗುತ್ತದೆ ಮತ್ತು ಎರಡೂ ಬಿಸಿಲಿಗೆ ಅಳಿಯುತ್ತವೆ.

ಬಟ್ಟೆಯ ವಿಷಯ ಬೇರೆ. ಗುಂಪಿನ ಗಳಿಕೆ ಉಳಿಯುವುದೂ ಕೈಬಿಡುವುದೂ ಇಲ್ಲಿಯೇ. ಕಚೇರಿಯ ಮೊಹರಿನ ಮಸಿಯನ್ನು ಕೈಚೀಲಕ್ಕೆ ಒತ್ತಿದರೆ ಅಂದಿಗೆ ಅಂದವಾಗಿ ಕಾಣುತ್ತದೆ, ಮೊದಲ ಒಗೆತಕ್ಕೆ ಹರಡಿ ಚೀಲವನ್ನೇ ಕೆಡಿಸುತ್ತದೆ. ಒಮ್ಮೆ ಹಾಗಾದ ಚೀಲವನ್ನು ಕೊಂಡವರು ಮತ್ತೆ ಆ ಗುಂಪಿನ ಮಳಿಗೆಯತ್ತ ಬರುವುದಿಲ್ಲ. ಬಟ್ಟೆಗೆ ಪಿಗ್ಮೆಂಟ್ ಬಣ್ಣವನ್ನು ಬೈಂಡರ್ ಜೊತೆ ಬೆರೆಸಿ ಬಳಸಬೇಕು. ಬಣ್ಣದ ಕಣಗಳು ನೂಲಿನೊಳಗೆ ಇಳಿಯುವುದಿಲ್ಲ, ನೂಲಿನ ಮೇಲೆ ಕೂರುತ್ತವೆ. ಅವನ್ನು ಹಿಡಿದಿಡುವುದು ಬೈಂಡರಿನ ತೆಳು ಪೊರೆ. ಶಾಖ ತಗುಲಿದಾಗಲೇ ಆ ಪೊರೆ ಪೂರ್ಣವಾಗಿ ಗಟ್ಟಿಯಾಗುವುದು. ಆದ್ದರಿಂದ ಮುದ್ರಣವನ್ನು ಒಂದು ದಿನ ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಹಿಂಬದಿಯಿಂದ ಹತ್ತಿಬಟ್ಟೆಯ ಬಿಸಿಯಲ್ಲಿ ಪ್ರತಿ ಭಾಗಕ್ಕೂ 4ರಿಂದ 5 ನಿಮಿಷ ಇಸ್ತ್ರಿ ಆಡಿಸತಕ್ಕದ್ದು. ಇಷ್ಟೇ ಮುಖ್ಯವಾದ ಮತ್ತೊಂದು ಅಂಶವಿದೆ: ಹೊಸ ಕೋರಾ ಬಟ್ಟೆಯಲ್ಲಿ ನೇಯ್ಗೆಯ ಗಂಜಿ ಇರುತ್ತದೆ. ಅದನ್ನು ಮೊದಲೇ ಬಿಸಿನೀರಿನಲ್ಲಿ ಒಗೆದು ತೆಗೆಯದಿದ್ದರೆ ಬಣ್ಣವು ಗಂಜಿಯ ಮೇಲೆ ಕುಳಿತು ಗಂಜಿಯೊಡನೆಯೇ ಹೋಗಿಬಿಡುತ್ತದೆ. ಇನ್ನು ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲಗಳು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಇಸ್ತ್ರಿಯ ಬಿಸಿಗೆ ಕರಗುತ್ತವೆ. ಪ್ಲಾಸ್ಟಿಕ್ ಬಿಡಿಸುವ ಸಲುವಾಗಿಯೇ ಕೈಚೀಲದ ತರಬೇತಿ ನಡೆಸಿ, ಅದರಲ್ಲಿ ಇಂತಹ ಚೀಲ ಹಂಚುವುದು ನಗೆಪಾಟಲಿನ ಸಂಗತಿ.

ಒತ್ತುವ ಕ್ರಮದಲ್ಲಿ ಬಲಕ್ಕಿಂತ ಹಾಸು ಮುಖ್ಯ. ಮರದ ಗಡುಸಾದ ಅಚ್ಚಿಗೆ ಮೇಜಿನ ಮೇಲೆ ಕಂಬಳಿಯ ಮೆತ್ತನೆಯ ಹಾಸು ಬೇಕು. ಮೃದುವಾದ ರಬ್ಬರ್ ಅಚ್ಚಿಗೆ ಸಮತಟ್ಟಾದ ಮೇಜಿನ ಮೇಲೆ ನಾಲ್ಕಾರು ಹಳೆಯ ಪತ್ರಿಕೆಗಳಷ್ಟೇ ಸಾಕು. ಕೈಯ ಬಲ ಒಂದೇ ಆಗಿದ್ದರೂ ಅಚ್ಚಿನ ಉಬ್ಬಿದ ಭಾಗ ಎರಡರಷ್ಟಾದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ತುಂಬು ಬಣ್ಣದ ದೊಡ್ಡ ಅಚ್ಚು ನಡುವೆ ಬೋಳಾಗಿ ಮೂಡುವುದಕ್ಕೆ ಇದೇ ಕಾರಣ. ಆದುದರಿಂದ ಕಲಿಯುವವರು ಗೆರೆಯ ಚಿತ್ರಗಳಿಂದಲೇ ತೊಡಗಬೇಕು. ಸಾಲು ತಪ್ಪದಂತೆ ಒತ್ತಲು ಚುಕ್ಕಿ ರಂಗೋಲಿಯ ಲೆಕ್ಕವೇ ಮಾರ್ಗದರ್ಶಿ: ಸೀಮೆಸುಣ್ಣದಿಂದ ಚುಕ್ಕಿ ಇಟ್ಟು, ಪ್ರತಿ ಚುಕ್ಕಿಗೂ ಅಚ್ಚಿನ ಒಂದೇ ಮೂಲೆಯನ್ನು ಹೊಂದಿಸುವುದು. ಇದನ್ನು ಮಹಿಳೆಯರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಕೆಲಸ ಮುಗಿದ ಕೂಡಲೇ ಅಚ್ಚನ್ನು ಸಾಬೂನು ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಬೇಕು. ಸೀಮೆಎಣ್ಣೆ, ಥಿನ್ನರ್ ಬಳಸಿದರೆ ರಬ್ಬರ್ ಉಬ್ಬುತ್ತದೆ. ಬಿಳಿ ರಬ್ಬರಿನ ಅಚ್ಚುಗಳನ್ನು ಕಾಗದದಲ್ಲಿ ಸುತ್ತಿಡಬೇಕೇ ಹೊರತು ಪ್ಲಾಸ್ಟಿಕ್ ಡಬ್ಬಿಗೆ ನೇರವಾಗಿ ತಾಗಿಸಿ ಇಡಬಾರದು. ಕೆಲವು ದಿನಗಳಲ್ಲಿ ಎರಡೂ ಅಂಟಿಕೊಳ್ಳುತ್ತವೆ.

ಆಹಾರ ಪದಾರ್ಥದ ಪೊಟ್ಟಣಗಳಲ್ಲಿ ಎಚ್ಚರಿಕೆ ಅಗತ್ಯ. 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಮುದ್ರಿತ ಮುಖವು ಆಹಾರಕ್ಕೆ ನೇರವಾಗಿ ತಾಗುವಂತಿಲ್ಲ, ಪತ್ರಿಕೆಯ ಕಾಗದದಲ್ಲಿ ಆಹಾರ ಕಟ್ಟುವಂತೆಯೂ ಇಲ್ಲ. ಹಪ್ಪಳದ ಗುಂಪುಗಳು ಗುರುತನ್ನು ಪ್ರತ್ಯೇಕ ಚೀಟಿಯ ಮೇಲೆ ಒತ್ತಿ, ಮುಚ್ಚಿದ ಪೊಟ್ಟಣದ ಹೊರಗೆ ಕಟ್ಟುವುದು ಸುರಕ್ಷಿತ. ಅದೇ ರೀತಿ ರಾಷ್ಟ್ರ ಲಾಂಛನವನ್ನು ಯಾವ ಕಾರಣಕ್ಕೂ ಕೆತ್ತಬಾರದು. ಅದರ ದುರ್ಬಳಕೆಯನ್ನು 2005ರ ಅಧಿನಿಯಮವು ನಿಷೇಧಿಸಿದೆ. ಪಂಚಾಯಿತಿಯ ಅಥವಾ ಯಾವುದೇ ಕಚೇರಿಯ ಮೊಹರಿನ ಮಾದರಿಯನ್ನು ಅಭ್ಯಾಸಕ್ಕೆಂದು ಕೊಡುವುದೂ ಸಲ್ಲದು.

ಅರಿವು ಕೇಂದ್ರದ ಬೇಸಿಗೆ ಶಿಬಿರದಲ್ಲಿ ಚಿಕ್ಕ ಮಕ್ಕಳಿಗೆ ಅಲಗು ಕೊಡದೆ ತರಕಾರಿಯಿಂದ ತೊಡಗಬಹುದು. ಅಡ್ಡಕ್ಕೆ ಕೊಯ್ದ ಬೆಂಡೆಕಾಯಿ ಹೂವಾಗಿ ಮೂಡುತ್ತದೆ, ದಪ್ಪಮೆಣಸಿನಕಾಯಿ ಎಸಳಿನಂತೆ. ಆಲೂಗಡ್ಡೆಯನ್ನು ಹಿರಿಯರು ಕೆತ್ತಿ, ಬಟ್ಟೆಯ ಮೇಲೆ ಬೋರಲಾಗಿಟ್ಟು ನೀರು ಹೀರಿಸಿಕೊಡಬೇಕು. ಇವು ಒಂದು ದಿನದ ಅಚ್ಚುಗಳು.

ಬಟ್ಟೆ ಮುದ್ರಣದ ತರಬೇತಿಗೆ ಅನುಮೋದನೆ ನೀಡುವ ಸಭೆಯು ಒಂದು ಷರತ್ತನ್ನು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ. ತರಬೇತಿಯ ಕೊನೆಯ ದಿನ ಪ್ರತಿ ಶಿಬಿರಾರ್ಥಿಯು ತಾನೇ ಕೆತ್ತಿದ ಅಚ್ಚಿನಿಂದ ಒಂದು ಗಜ ಬಟ್ಟೆ ಮುದ್ರಿಸಿ, ಇಸ್ತ್ರಿ ಮಾಡಿ, ಎರಡು ತುಂಡಾಗಿಸಬೇಕು. ಒಂದು ತುಂಡನ್ನು ಐದು ಬಾರಿ ಒಗೆದು ಒಣಗಿಸಿ, ಒಗೆಯದ ತುಂಡಿನೊಡನೆ ಹೊಲಿದು ಕಚೇರಿಗೆ ಸಲ್ಲಿಸಬೇಕು. ತರಬೇತಿ ಸಂಸ್ಥೆಯ ಬಿಲ್ಲಿನ ಜೊತೆಗೆ ಆ ತುಂಡುಗಳೂ ಸದಸ್ಯರ ಮೇಜಿಗೆ ಬರಲಿ.