ಹೊರಗೆ ಮೇಯುವ ಕೋಳಿಗಳ ಸಂರಕ್ಷಣೆ

ಗುಂಡ್ಲುಪೇಟೆ ತಾಲ್ಲೂಕು ತೆರಕಣಾಂಬಿಯ ಸುತ್ತಣ ಗ್ರಾಮಗಳಲ್ಲಿ ಹಿತ್ತಲಿಗೆ ಬಿಟ್ಟು ಸಾಕುವ ಕೋಳಿಗಳಿಗೆ ಹಗಲಿನಲ್ಲಿ ಆಕಾಶದಿಂದಲೂ, ಕತ್ತಲಾದ ಮೇಲೆ ನೆಲದಿಂದಲೂ ಅಪಾಯವುಂಟು. ಹದ್ದು, ಗಿಡುಗ, ಕಾಗೆಗಳು ಮರಿಗಳನ್ನು ಒಯ್ಯುವುವು. ಕಾಡುಬೆಕ್ಕು, ನರಿಗಳು ದೊಡ್ಡ ಕೋಳಿಗಳನ್ನೂ ಬಿಡವು. ಮುಂಗುಸಿಯಂತೂ ಹಗಲಿನಲ್ಲಿಯೇ ನುಗ್ಗುವುದು. ಹೇಂಟೆಯು 21 ದಿವಸ ಕಾವು ಕೂತು ಮಾಡಿದ ಮರಿಗಳು ಒಂದೇ ವಾರದಲ್ಲಿ ನಷ್ಟವಾದರೆ ಬಡ ಒಕ್ಕಲಿನ ಹೆಂಗಸರ ಕೈಗಾಸಿಗೇ ಹಾನಿಯು.

ಮೊದಲನೆಯದಾಗಿ, ಮರಿಗಳಿಗೆ 6 ವಾರ ತುಂಬುವವರೆಗೆ ತಾಯಿಯೊಡನೆ ತಳವಿಲ್ಲದ ಬಿದಿರ ಪಂಜರದೊಳಗೆ ಮೇಯಗೊಟ್ಟು, ಪಂಜರವನ್ನು ಪ್ರತಿದಿನವೂ ಹೊಸ ನೆಲಕ್ಕೆ ಸರಿಸತಕ್ಕದ್ದು.

ಎರಡನೆಯದಾಗಿ, ಮೇಯುವ ಸ್ಥಳದಲ್ಲಿ ಅವರೆ ಚಪ್ಪರವೋ ಪೊದೆಯೋ ಇರಬೇಕು. ಬಟ್ಟಬಯಲಿನಲ್ಲಿ ಹದ್ದು ಸುಲಭವಾಗಿ ಎರಗುವುದು. ಆದರೆ ಗೂಡಿನ ಪಕ್ಕದಲ್ಲಿ ಪೊದೆ ಕೂಡದು. ಅದು ಮುಂಗುಸಿಗೆ ಮರೆಯಾಗುವುದು.

ಮೂರನೆಯದಾಗಿ, ಸೂರ್ಯಾಸ್ತಕ್ಕೆ ಮುಂಚೆ ಗೂಡಿನ ಬಳಿ ನಿತ್ಯವೂ ಒಂದು ಹಿಡಿ ರಾಗಿಯನ್ನು ಚೆಲ್ಲಿದರೆ ಕೋಳಿಗಳು ತಾವಾಗಿ ಬಂದು ಸೇರುವುವು. ಗೂಡಿಗೆ ಅರ್ಧ ಅಂಗುಲ ಕಣ್ಣಿನ ತಂತಿಬಲೆಯನ್ನು ಹಾಕಿ, ಒಂದು ಅಡಿಯಷ್ಟು ನೆಲದಲ್ಲಿ ಹೂಳತಕ್ಕದ್ದು. ಬಾಗಿಲಿಗೆ ಅಗುಳಿಯು ಅವಶ್ಯಕ.

ವಿಷವಿಡುವುದು ಸರ್ವಥಾ ಕೂಡದು. ಅದನ್ನು ತಿಂದು ಕಾವಲು ನಾಯಿಗಳೂ ಸಾಯುವುವು. ಇಲಿಗಳನ್ನು ತಿಂದು ಬೆಳೆಗೆ ಉಪಕಾರಮಾಡುವ ನರಿ, ಗಿಡುಗಗಳೂ ನಾಶವಾಗುವುವು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದು ಅಪರಾಧವೂ ಹೌದು.

ಕೋಳಿಯ ಕರುಳು, ಪುಕ್ಕಗಳನ್ನು ಬೀದಿಯಲ್ಲಿ ಎಸೆದರೆ ಹದ್ದು, ನರಿಗಳು ಊರಿಗೇ ರೂಢಿಯಾಗುವುವು. ಒಬ್ಬನ ಎಚ್ಚರದಿಂದ ಇದು ನಿಲ್ಲದು. ಆದುದರಿಂದ ಗ್ರಾಮದ ಮುಖ್ಯಸ್ಥರು ಇವನ್ನು ಹೂಳಲು ಊರ ಹೊರಗೆ ಗುಂಡಿಯನ್ನು ಗೊತ್ತುಮಾಡಿಸುವುದು ಉಚಿತ.