‘ಪ್ರಾರ್ಥನೆ ಮಾಡಿ ನೋಡೋಣ’ ಎಂಬ ಮುಂದೂಡಿಕೆ

ಸಭಾಪಾಲಕನ ಕೆಲಸಕ್ಕೆ ಹಾಜರಿ ಪುಸ್ತಕವಿಲ್ಲ. ಭಾನುವಾರದ ಆರಾಧನೆ, ವಾರದ ಪ್ರಾರ್ಥನಾಕೂಟ, ಮದುವೆ, ಮಣ್ಣು, ಇಷ್ಟಕ್ಕೆ ಗಡಿಯಾರ ಉಂಟು. ಉಳಿದ ಹೊತ್ತಿನ ಲೆಕ್ಕ ಕೇಳುವವರಿಲ್ಲ. ಕರಾವಳಿಯ ಸಭೆಗಳಲ್ಲಿ ಇಷ್ಟು ವರ್ಷ ಓಡಾಡಿದ ಮೇಲೆ ನನಗೆ ಕಂಡದ್ದು: ನಮ್ಮ ಜನರಲ್ಲಿ ಸೋಮಾರಿಗಳು ಕಡಿಮೆ, ನಾಳೆಗೆ ತಳ್ಳುವವರು ಬಹಳ. ಎರಡೂ ಒಂದೇ ರೋಗವಲ್ಲ. ಕ್ರಿಸ್‌ಮಸ್ ಕ್ಯಾರೋಲ್‌ಗೆಂದು ರಾತ್ರಿಯೆಲ್ಲ ನಿದ್ದೆಗೆಟ್ಟು ಮನೆಮನೆ ತಿರುಗುವವನೇ, ಬೆನ್ನಿಗೆ ಬಿದ್ದ ತಮ್ಮನಿಗೆ ಒಂದು ಫೋನ್ ಮಾಡಲು ಪುರುಸೊತ್ತಿಲ್ಲ ಅನ್ನುತ್ತಾನೆ. ಅಲ್ಲಿ ಸಾಲದೆ ಬಂದದ್ದು ಸಮಯವಲ್ಲ.

1. ಮುಂದೂಡಿಕೆ ಭಕ್ತಿಯ ಮಾತಾಡುತ್ತದೆ

‘ಕರ್ತನ ಸಮಯ ಬರಲಿ’, ‘ಪ್ರಾರ್ಥನೆ ಮಾಡಿ ನೋಡೋಣ’. ಕಮಿಟಿ ಸಭೆಯಲ್ಲಿ ಇದನ್ನು ಹೇಳಿದರೆ ಯಾರೂ ಎದುರಾಡುವ ಹಾಗಿಲ್ಲ. ಎದುರಾಡಿದವನು ಪ್ರಾರ್ಥನೆಗೇ ವಿರೋಧಿಯಾಗಿಬಿಡುತ್ತಾನೆ. ಇದು ಹೊಸ ಕಲೆಯೂ ಅಲ್ಲ. ಬಾಬೆಲಿನ ಸೆರೆಯಿಂದ ಮರಳಿದವರು ಯೆರೂಸಲೇಮಿನ ದೇವಾಲಯಕ್ಕೆ ಅಸ್ತಿವಾರ ಹಾಕಿ, ವಿರೋಧ ಬಂದಾಗ ನಿಲ್ಲಿಸಿ, ಆಮೇಲೆ ಹತ್ತಾರು ವರ್ಷ ಹಾಗೇ ಬಿಟ್ಟರು. ಕಟ್ಟುವ ಕಾಲ ಇನ್ನೂ ಬಂದಿಲ್ಲ ಎಂಬುದು ಅವರ ಸಮಜಾಯಿಷಿ. ಕ್ರಿ.ಪೂ. 520ರಲ್ಲಿ ಪ್ರವಾದಿ ಹಗ್ಗಾಯ ಎದ್ದುನಿಂತು ಕೇಳಿದ್ದು ಅವರ ದೇವಭಕ್ತಿಯನ್ನಲ್ಲ, ಅವರ ಮನೆಗಳ ಮರದ ಹಲಗೆಯ ಗೋಡೆಗಳನ್ನು: ಅದಕ್ಕೆ ಮಾತ್ರ ಕಾಲ ಬಂದಿತ್ತೇ ಎಂದು.

ಕಾಯುವುದೇ ತಪ್ಪು ಎಂದಲ್ಲ. ಆದರೆ ನಿಜವಾಗಿ ಕಾಯುವವನಿಗೆ ಯಾವುದಕ್ಕೆ ಕಾಯುತ್ತಿದ್ದೇನೆಂದು ಗೊತ್ತಿರುತ್ತದೆ: ಪಂಚಾಯಿತಿಯ ಅನುಮತಿ, ಮಗಳ ಒಪ್ಪಿಗೆ, ಡಾಕ್ಟರ ರಿಪೋರ್ಟು. ‘ಏನು ಬಂದರೆ ಹೊರಡುತ್ತೀರಿ?’ ಎಂದು ಈಗ ನಾನು ನೇರವಾಗಿ ಕೇಳುತ್ತೇನೆ. ಉತ್ತರ ಬಂದರೆ ಅದು ಕಾಯುವಿಕೆ. ತಲೆ ಕೆರೆದುಕೊಂಡರೆ, ಅಲ್ಲಿಗೆ ಗೊತ್ತಾಯಿತು.

2. ಫೇಲಿಕ್ಸ ಮತ್ತೆ ಮತ್ತೆ ಕರೆಸಿದ

ಅಪೊಸ್ತಲರ ಕೃತ್ಯಗಳ 24ನೇ ಅಧ್ಯಾಯದ ಈ ದೇಶಾಧಿಪತಿಯ ಮೇಲೆ ಪ್ರಸಂಗ ಕೇಳದ ಕ್ರೈಸ್ತರು ಕಡಿಮೆ. ಕೈಸರೈಯದಲ್ಲಿ ಕೈದಿಯಾಗಿದ್ದ ಪೌಲ ನೀತಿ, ದಮೆ, ಬರಲಿರುವ ನ್ಯಾಯತೀರ್ಪಿನ ಬಗ್ಗೆ ಮಾತಾಡುತ್ತಿದ್ದಂತೆ ಫೇಲಿಕ್ಸ ಹೆದರಿದ. ಈಗ ಹೋಗು, ಅನುಕೂಲವಾದಾಗ ಕರೆಸುತ್ತೇನೆ ಎಂದ. ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ, ಆ ಅನುಕೂಲ ಕಾಲ ಬರಲೇ ಇಲ್ಲ ಎನ್ನುತ್ತವೆ. ಮುಂದೆ ಓದಿ. ಅವನು ಕರೆಸಿದ, ಪದೇಪದೇ ಕರೆಸಿ ಮಾತಾಡಿದ. ಲಂಚದ ಆಸೆ ಇತ್ತು, ಸರಿ. ಎರಡು ವರ್ಷ ಹೀಗೇ ಸಂಭಾಷಣೆ ನಡೆಯಿತು. ಕೊನೆಗೆ ಅವನ ಜಾಗಕ್ಕೆ ಬೇರೊಬ್ಬ ಬಂದಾಗಲೂ ಪೌಲ ಬೇಡಿಯಲ್ಲೇ ಇದ್ದ.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಭಾಗ. ವಿಷಯದ ಬಗ್ಗೆ ಮಾತಾಡುತ್ತಲೇ ವಿಷಯವನ್ನು ಮುಂದೂಡಬಹುದು. ಪ್ರಾರ್ಥನಾ ಜೀವನದ ಮೇಲೆ ಸೆಮಿನಾರು, ಸಮಯಪಾಲನೆಯ ಮೇಲೆ ಯೂಟ್ಯೂಬ್ ಪ್ರಸಂಗ, ಬೈಬಲ್ ಓದಿ ಮುಗಿಸುವ ಹೊಸ ವೇಳಾಪಟ್ಟಿ, ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವುದು. ಇಷ್ಟರಲ್ಲಿ ರಾತ್ರಿ ಹನ್ನೊಂದಾಗಿರುತ್ತದೆ, ಬೈಬಲ್ ತೆರೆದಿರುವುದಿಲ್ಲ. ಯುವಕರ ಕೂಟದಲ್ಲಿ ನಾನು ಈ ವಿಷಯದ ಮೇಲೆ ಮಾತಾಡುವುದನ್ನೇ ಬಿಟ್ಟಿದ್ದೇನೆ. ಅರ್ಧ ಗಂಟೆ ಕೊಡುತ್ತೇನೆ: ಈಗಲೇ ಇಲ್ಲೇ ಓದಿ.

3. ಪೆಟ್ಟಿಗೆ ಬಾಗಿಲ ಬಳಿ ಇರಲಿ

ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಕರ್ತನ ಭೋಜನ ಕೊಡಲು ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅಂಗೈಯಲ್ಲಿ ಹಿಡಿಸುವಂಥ ಪಾತ್ರೆ, ತಟ್ಟೆ, ದ್ರಾಕ್ಷಾರಸದ ಸೀಸೆ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಅದು ವೆಸ್ಟ್ರಿಯ ಬೀರುವಿನಲ್ಲಿ ಬೀಗದೊಳಗೆ ಇದ್ದರೆ ಭೇಟಿಗೆ ನಾಲ್ಕು ಅಡ್ಡಿ: ಬೀಗದ ಕೈ ಹುಡುಕಬೇಕು, ಸೀಸೆ ತುಂಬಬೇಕು, ಬಟ್ಟೆ ಒಗೆಸಬೇಕು, ಆಮೇಲೆ ಮಳೆ ಬರುತ್ತದೆ. ಸೋಮವಾರ ರಾತ್ರಿಯೇ ತುಂಬಿ, ಮುಚ್ಚಿ, ಸ್ಕೂಟರ್ ಕೀಲಿಯ ಪಕ್ಕ ಇಟ್ಟರೆ ಮಂಗಳವಾರ ಬೆಳಿಗ್ಗೆ ಅದನ್ನು ದಾಟಿ ಹೋಗಲು ಮನಸ್ಸು ಬರುವುದಿಲ್ಲ. ಸಂಕಲ್ಪಶಕ್ತಿಯ ಬಗ್ಗೆ ನಮ್ಮವರು ಕೊಡುವ ಉಪದೇಶದಲ್ಲಿ ಮುಕ್ಕಾಲು ಪಾಲನ್ನು ಇಂಥ ಜೋಡಣೆಯೇ ಮಾಡಿಕೊಡುತ್ತದೆ. ಮನೆಯ ಪ್ರಾರ್ಥನೆಗೂ ಇದೇ ಮಾತು: ಬೈಬಲ್ ಊಟದ ಮೇಜಿನ ಮೇಲೆ, ಟಿವಿಯ ರಿಮೋಟ್ ಒಳಕೋಣೆಯಲ್ಲಿ.

4. ಪ್ರಸಂಗ ಸೋಮವಾರ ಹುಟ್ಟಬೇಕು

ಚರ್ಚ್ ಆಫ್ ಸೌತ್ ಇಂಡಿಯಾದ ಅಲ್ಮನಾಕಿನಲ್ಲಿ ಇಡೀ ವರ್ಷದ ವಾಚನ ಭಾಗಗಳು ಮೊದಲೇ ಅಚ್ಚಾಗಿರುತ್ತವೆ. ವಿಷಯ ಹೊಳೆಯಲಿಲ್ಲ ಎನ್ನುವ ನೆಪ ನಮಗಿಲ್ಲ. ಸೋಮವಾರ ಓದಿಟ್ಟ ಭಾಗ ವಾರವಿಡೀ ನನ್ನ ಜೊತೆ ಮನೆಭೇಟಿಗೆ ಬರುತ್ತದೆ, ಆಸ್ಪತ್ರೆಯ ವಾರ್ಡಿಗೆ ಬರುತ್ತದೆ. ಶನಿವಾರ ರಾತ್ರಿ ಬರೆದದ್ದು ಮೊಬೈಲಿನಿಂದ ಬಂದಿರುತ್ತದೆ. ಎರಡನೇ ಬೆಂಚಿನ ಅಜ್ಜಿಗೆ ವ್ಯತ್ಯಾಸ ತಿಳಿಯುತ್ತದೆ.

5. ದೊಡ್ಡ ಕೆಲಸಕ್ಕೆ ದೊಡ್ಡ ಬಿಡುವು ಸಿಗುವುದಿಲ್ಲ

‘ರಿಟೈರ್ ಆದ ಮೇಲೆ ಬರೆಯುತ್ತೇನೆ’ ಎನ್ನುವವರಿಗೆ ನಾನು ಕಿಟ್ಟೆಲರ ಹೆಸರು ಹೇಳುತ್ತೇನೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಕನ್ನಡ ನಾಡಿಗೆ ಬಂದಿಳಿದದ್ದು 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ಮಿಷನ್ನಿನ ಕೆಲಸ, ಅನಾರೋಗ್ಯ, ಸಾವು ನೋವು, ಜರ್ಮನಿಗೆ ಹೋದದ್ದು, ನಿಘಂಟಿಗಾಗಿಯೇ ಮತ್ತೆ ಬಂದದ್ದು. ಶಬ್ದಮಣಿದರ್ಪಣ, ನಾಗವರ್ಮನ ಛಂದಸ್ಸುಗಳ ಸಂಪಾದನೆ. ಸುವಾರ್ತೆ ಸಾರಲು ಬಂದವನಿಗೆ ಇದೆಲ್ಲ ಯಾಕೆ ಎಂಬ ಅಸಮಾಧಾನ ಮಿಷನ್ನಿನೊಳಗೇ ಇತ್ತು. ಆ ಅಸಮಾಧಾನವನ್ನೂ ಕೊಂಚ ಲಕ್ಷಿಸಬೇಕು: ತಿರಸ್ಕರಿಸುವಂಥದ್ದಲ್ಲ. ಒಂದು ಕೆಲಸಕ್ಕೆ ಹೊತ್ತು ಕೊಟ್ಟವನು ಇನ್ನೊಂದಕ್ಕೆ ಕೊಡಲಿಲ್ಲ ಎಂದೇ ಅರ್ಥ. ಎಲ್ಲ ಕಮಿಟಿಗಳಿಗೂ ತಲೆಯಾಡಿಸಿ, ಎಲ್ಲ ಕನ್ವೆನ್ಷನ್ನುಗಳಲ್ಲೂ ವೇದಿಕೆ ಹತ್ತುವ ನಮ್ಮಂಥವರು ಸಮಯವನ್ನು ಸದುಪಯೋಗ ಮಾಡುತ್ತಿದ್ದೇವೆಂದು ನಂಬಿರುವುದು ‘ಇಲ್ಲ’ ಎನ್ನುವ ಮುಜುಗರವನ್ನು ಮುಂದೂಡಿದ್ದರಿಂದ ಇರಬಹುದು.

6. ಅಡ್ಡಿಯೆಲ್ಲ ಅಡ್ಡಿಯಲ್ಲ

ಯಾಯೀರನ ಹನ್ನೆರಡು ವರ್ಷದ ಮಗಳು ಸಾಯುವ ಹಂತದಲ್ಲಿದ್ದಾಗ ಯೇಸು ದಾರಿಯಲ್ಲಿ ನಿಂತುಬಿಟ್ಟ, ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಒಬ್ಬ ಹೆಂಗಸಿಗಾಗಿ. ವೇಳಾಪಟ್ಟಿಯ ಕಟ್ಟಾ ಭಕ್ತರು ಮಾರ್ಕನ ಐದನೇ ಅಧ್ಯಾಯವನ್ನು ಆಗಾಗ ಓದುವುದು ಒಳ್ಳೆಯದು. ನಾನು ದಿನದ ವೇಳಾಪಟ್ಟಿಯಲ್ಲಿ ಮಧ್ಯಾಹ್ನದ ಒಂದು ಗಂಟೆಯ ಹೊತ್ತನ್ನು ಖಾಲಿ ಬಿಡುತ್ತೇನೆ. ಗೇಟು ತೆರೆದ ಸದ್ದು ಕೇಳುವುದು ಸಾಮಾನ್ಯವಾಗಿ ಆಗಲೇ. ವಾರದ ರಜೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ವಿಶ್ರಾಂತಿಯನ್ನು ಮುಂದಿನ ವಾರಕ್ಕೆ ತಳ್ಳುವುದನ್ನು ಶ್ರಮಜೀವನ ಎಂದು ಹೊಗಳುವ ರೂಢಿ ನಮ್ಮಲ್ಲಿದೆ, ನನಗದು ಒಪ್ಪಿಗೆಯಿಲ್ಲ.

7. ಹೆಸರು ಬರೆಯಿರಿ, ತಾರೀಕು ಬರೆಯಿರಿ

ರೋಮಿನ ಸೆರೆಮನೆಯಿಂದ ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪೌಲ ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಲು ಹೇಳುತ್ತಾನೆ. ಚಳಿಗಾಲಕ್ಕೆ ಮುಂಚೆ ಬರಲು ಯತ್ನಿಸು ಎನ್ನುತ್ತಾನೆ. ಚಳಿಗಾಲದಲ್ಲಿ ಮೆಡಿಟರೇನಿಯನ್ನಿನಲ್ಲಿ ಹಡಗು ಸಂಚಾರ ಹೆಚ್ಚುಕಡಿಮೆ ನಿಂತೇಹೋಗುತ್ತಿತ್ತು. ತಡಮಾಡಿದರೆ ವಸಂತದವರೆಗೆ ದಾರಿಯಿಲ್ಲ, ಪೌಲನಿಗೋ ಮರಣದಂಡನೆ ಎದುರಿಗಿದೆ. ಅಮೆರಿಕದ ಪ್ರಸಂಗಿ ಕ್ಲಾರೆನ್ಸ್ ಮೆಕಾರ್ಟ್ನಿ ಈ ಒಂದೇ ಮಾತಿನ ಮೇಲೆ 1915ರಲ್ಲಿ ಕೊಟ್ಟ ಪ್ರಸಂಗವನ್ನು ಆಮೇಲೆ ವರ್ಷವರ್ಷವೂ ಕೊಡುತ್ತಿದ್ದರು.

ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಲ್ಪೆಯಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲೇ. ಹಾಗಾಗಿ ಮೇ ತಿಂಗಳ ಕೊನೆಯ ಭಾನುವಾರ ನಾನು ಈ ಭಾಗವನ್ನೇ ಓದುತ್ತೇನೆ. ಪೀಠದ ಬಳಿ ಕಾಣಿಕೆ ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಯಾಗು ಎಂದ ಯೇಸುವಿನ ಮಾತನ್ನು ಜೊತೆಗಿಡುತ್ತೇನೆ. ಎಲ್ಲರಿಗೂ ಒಂದು ಚೀಟಿ: ಒಂದು ಹೆಸರು, ಒಂದು ತಾರೀಕು. ಚೀಟಿ ಅವರ ಬೈಬಲಿನಲ್ಲೇ ಉಳಿಯುತ್ತದೆ, ನಾನು ನೋಡುವುದಿಲ್ಲ. ತಾರೀಕಿನ ಜಾಗದಲ್ಲಿ ‘ಬೇಗನೆ’ ಎಂದು ಬರೆಯುವ ಹಾಗಿಲ್ಲ. ಕೆಲವರು ಅಂತ್ಯ ಕೀರ್ತನೆಯ ನಡುವೆಯೇ ಎದ್ದು, ಫೋನ್ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ಆಶೀರ್ವಾದಕ್ಕೆ ಮುಂಚೆ ಹೊರಗೆ ಹೋಗಬಾರದೆಂದು ಸಭಾಹಿರಿಯರೊಬ್ಬರು ದೂರಿದ್ದುಂಟು. ಆ ಒಂದು ಭಾನುವಾರದ ಮಟ್ಟಿಗೆ ಆ ದೂರನ್ನು ನಾನು ಕೇಳಿಸಿಕೊಳ್ಳುವುದಿಲ್ಲ.