ಮಣ್ಣಿನ ದಿಬ್ಬಗಳ ಸವಾರರು

ಸೈಕಲ್ಲು ಮನುಷ್ಯನನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ಯುವ ಸಾಧನ. ಆದರೆ ಎಲ್ಲಿಗೂ ಒಯ್ಯದೆ, ಹೊರಟ ಸ್ಥಳದ ಆಸುಪಾಸಿನಲ್ಲಿಯೇ ಏರಿಸಿ, ಇಳಿಸಿ, ಗಾಳಿಯಲ್ಲಿ ಹಾರಿಸಿ ಸವಾರನಿಗೆ ಆನಂದವನ್ನು ನೀಡುವ ಸೈಕಲ್ಲೊಂದುಂಟು. ಅದೇ ಬಿ.ಎಂ.ಎಕ್ಸ್. ಗಿಡ್ಡನೆಯ ಗಟ್ಟಿಮುಟ್ಟಾದ ಚೌಕಟ್ಟು, 20 ಅಂಗುಲದ ಪುಟ್ಟ ಚಕ್ರಗಳು, ತಗ್ಗಾದ ಆಸನ ಇವು ಅದರ ಲಕ್ಷಣಗಳು.

ಈ ಕ್ರೀಡೆ ಹುಟ್ಟಿದ್ದು 1970ರ ಆಸುಪಾಸಿನಲ್ಲಿ, ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ. ಮಣ್ಣಿನ ದಿಬ್ಬಗಳ ಮೇಲೆ ಮೋಟಾರ್ ಸೈಕಲ್ ಹಾರಿಸುವ ಸಾಹಸಿಗಳನ್ನು ಕಂಡ ಬಾಲಕರು ತಮ್ಮ ಸೈಕಲ್ಲುಗಳನ್ನೇ ಏರಿ ಅವರನ್ನು ಅನುಕರಿಸಿದರು. ಮಕ್ಕಳ ಆ ಆಟವು ಕೆಲವೇ ವರ್ಷಗಳಲ್ಲಿ ಉತ್ತರಕ್ಕೆ ಹರಡಿ ಕೆನಡಾದ ಪಶ್ಚಿಮ ಪ್ರಾಂತಗಳಾದ ಬ್ರಿಟಿಷ್ ಕೊಲಂಬಿಯಾ ಮತ್ತು ಆಲ್ಬರ್ಟಾಗಳಲ್ಲಿ ಬೇರೂರಿತು. 1985ರಲ್ಲಿ ವಿಸ್ಲರ್ ಎಂಬ ಗಿರಿಪಟ್ಟಣದಲ್ಲಿಯೂ 2007ರಲ್ಲಿ ವಿಕ್ಟೋರಿಯಾ ನಗರದಲ್ಲಿಯೂ ಇದರ ವಿಶ್ವ ಸ್ಪರ್ಧೆಗಳು ನಡೆದವು.

ಆದರೆ ಈ ಕ್ರೀಡೆಯ ಜೀವಾಳವಿರುವುದು ವಿಶ್ವ ಸ್ಪರ್ಧೆಗಳಲ್ಲಲ್ಲ, ಊರೂರಿನ ಮಣ್ಣಿನ ಪಥಗಳಲ್ಲಿ. ಸುಮಾರು 300ರಿಂದ 400 ಮೀಟರ್ ಉದ್ದದ ಪಥ. ಅದರ ತುಂಬ ಉಬ್ಬುತಗ್ಗುಗಳು, ಓರೆಯಾಗಿ ಎತ್ತರಿಸಿದ ತಿರುವುಗಳು. ಎತ್ತರದ ಕಟ್ಟೆಯ ಮೇಲೆ ಎಂಟು ಮಂದಿ ಸವಾರರು ಸಾಲಾಗಿ ನಿಲ್ಲುತ್ತಾರೆ. ಮುಂದಿನ ತಡೆಬಾಗಿಲು ಧಡಕ್ಕನೆ ಬಿದ್ದೊಡನೆ ಬಾಣದಂತೆ ಚಿಮ್ಮುತ್ತಾರೆ. ಒಂದು ನಿಮಿಷ ತುಂಬುವುದರೊಳಗೆ ಎಲ್ಲವೂ ಮುಗಿದಿರುತ್ತದೆ.

ಆ ಒಂದು ನಿಮಿಷದ ಹಿಂದಿರುವ ದುಡಿಮೆ ಎಷ್ಟು! ಇಂಥ ಪಥಗಳನ್ನು ನಡೆಸುವ ಸಂಘಗಳು ಬಹುಮಟ್ಟಿಗೆ ಸ್ವಯಂಸೇವಕರವು. ಚಳಿಗಾಲದ ಹಿಮ ಕರಗಿದೊಡನೆ ತಂದೆತಾಯಂದಿರು ಸಲಿಕೆ ಹಿಡಿದು ಕುಸಿದ ದಿಬ್ಬಗಳನ್ನು ಸರಿಪಡಿಸುತ್ತಾರೆ. ಒಬ್ಬರು ಹೆಸರು ಬರೆದುಕೊಂಡರೆ ಮತ್ತೊಬ್ಬರು ಗುರಿಯ ಬಳಿ ನಿಂತು ಫಲಿತಾಂಶ ಗುರುತಿಸುತ್ತಾರೆ. ಆಗತಾನೆ ಸೈಕಲ್ಲು ಕಲಿತ ಮಗುವೂ ನಡುವಯಸ್ಸಿನ ತಂದೆಯೂ ಒಂದೇ ಸಂಜೆ ಒಂದೇ ಪಥದಲ್ಲಿ ಸವಾರಿ ಮಾಡುವುದು ಇಲ್ಲಿ ಅಪರೂಪವಲ್ಲ.

ಸ್ಪರ್ಧೆಯ ಹಂಗಿಲ್ಲದ ಸವಾರರೂ ಇದ್ದಾರೆ. ಅವರು ಮರಗಳ ನಡುವೆ ತಮ್ಮ ಕೈಯಾರೆ ದಿಬ್ಬಗಳನ್ನು ಕಟ್ಟುತ್ತಾರೆ. ಪೆಸಿಫಿಕ್ ಕರಾವಳಿಯಲ್ಲಿ ಚಳಿಗಾಲವೆಂದರೆ ಬಿಡದೆ ಸುರಿಯುವ ಮಳೆ. ತಿಂಗಳುಗಟ್ಟಲೆ ಮೆತ್ತಿದ ಮಣ್ಣು ಕೊಚ್ಚಿಹೋಗಲು ಒಂದು ರಾತ್ರಿ ಸಾಕು. ಆದ್ದರಿಂದ ನೀರಿಗೆ ಕಾಲುವೆ ತೋಡಬೇಕು, ದಿಬ್ಬಗಳಿಗೆ ಹೊದಿಕೆ ಹಾಸಬೇಕು. ‘ಅಗೆಯದವನಿಗೆ ಸವಾರಿಯಿಲ್ಲ’ ಎಂಬುದು ಇಂಥ ಸವಾರರಲ್ಲಿ ರೂಢಿಯಾಗಿರುವ ಕಟ್ಟಳೆ. ಹಣವಂತನಾಗಲಿ ಬಡವನಾಗಲಿ, ಸಲಿಕೆಯ ಮುಂದೆ ಎಲ್ಲರೂ ಸಮಾನರು.

ಈ ದುಡಿಮೆಗೆ ಒಂದು ಆತಂಕವೂ ಅಂಟಿಕೊಂಡಿದೆ. ದಿಬ್ಬ ಸವಾರರದಾದರೂ ನೆಲ ಅನೇಕ ವೇಳೆ ಪರರದು. ಮಕ್ಕಳು ಬಿದ್ದು ಗಾಯಗೊಂಡರೆ ಹೊಣೆ ಯಾರದು? ಮರದ ಬೇರುಗಳಿಗೆ ಹಾನಿಯಾದರೆ? ನೆಲದ ಒಡೆಯರ ಈ ಪ್ರಶ್ನೆಗಳು ನ್ಯಾಯವಾದವುಗಳೇ. ಇಂಥ ಕಾರಣಗಳಿಂದ ವರ್ಷಗಳ ಶ್ರಮವು ಯಂತ್ರದ ಹಲ್ಲಿಗೆ ಸಿಕ್ಕಿ ಒಂದೇ ದಿನದಲ್ಲಿ ನೆಲಸಮವಾಗುವುದುಂಟು. ಆಗ ಸಿಟ್ಟಿನಿಂದ ಸಾಧಿಸುವುದು ಏನೂ ಇಲ್ಲ. ನಗರಸಭೆಯ ಮುಂದೆ ನಿಂತು, ಪಥವನ್ನು ಕಾಪಾಡುವ ಹೊಣೆ ತಮ್ಮದೆಂದು ಮನಗಾಣಿಸಿ, ಅಧಿಕೃತ ಸ್ಥಳವನ್ನು ಕೇಳಿ ಪಡೆಯುವುದೇ ಮೇಲಾದ ದಾರಿ. ಹಾಗೆ ಕೇಳಲು ಕಲಿತ ತರುಣರು ಪೌರನೀತಿಯ ಮೊದಲ ಪಾಠವನ್ನು ಮಣ್ಣಿನಲ್ಲಿಯೇ ಕಲಿತಂತಾಯಿತು.

ಬ್ರಿಟಿಷ್ ಕೊಲಂಬಿಯಾದ ಕೋಕ್ವಿಟ್ಲಂ ಎಂಬ ಊರಿನ ಟೋರಿ ನೈಹಾಗ್ ಈ ಕ್ರೀಡೆಯಲ್ಲಿ ಹೆಸರು ಪಡೆದವನು. ಬಿ.ಎಂ.ಎಕ್ಸ್ ಓಟವು 2008ರಲ್ಲಿ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಥಾನ ಪಡೆದಿತ್ತು. 2012ರ ಲಂಡನ್ ಒಲಿಂಪಿಕ್ಸ್ ಹತ್ತಿರವಾಗಿದ್ದಾಗ ಅವನು ಬಿದ್ದು, ಗುಲ್ಮವು ಒಡೆದು, ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬೇಕಾಯಿತು. ಆದರೂ ಅವನು ಲಂಡನ್ನಿನಲ್ಲಿ ಸ್ಪರ್ಧಿಸಿದನು. 2016ರಲ್ಲಿ ರಿಯೊ ನಗರದಲ್ಲಿ ಐದನೆಯ ಸ್ಥಾನವನ್ನು ಗಳಿಸಿದನು.

ಇಂಥ ಯಶಸ್ಸು ಎಲ್ಲರಿಗೂ ಲಭಿಸುವುದಿಲ್ಲ. ಮಣ್ಣಿನ ಪಥದಲ್ಲಿ ಓಡುವ ಮಕ್ಕಳಲ್ಲಿ ಬಹುಪಾಲು ಮಂದಿಯ ಹೆಸರು ಅವರ ಊರಿನಾಚೆಗೆ ಕೇಳಿಬರುವುದೂ ಇಲ್ಲ. ಆದರೂ ಬಿದ್ದವನಿಗೆ ಕೈನೀಡಿ ಎಬ್ಬಿಸುವುದನ್ನು, ತಾನು ಬಳಸುವ ದಾರಿಯನ್ನು ತಾನೇ ಕಟ್ಟಿ ಕಾಯುವುದನ್ನು ಅವರು ಅಲ್ಲಿ ಕಲಿಯುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಹಿರಿಯರ ಮಾತು ಆ ದೂರದ ನಾಡಿನ ಮಕ್ಕಳಿಗೆ ತಿಳಿದಿರಲಾರದು. ಅದರ ಅರ್ಥವನ್ನು ಮಾತ್ರ ಅವರು ಚೆನ್ನಾಗಿ ಬಲ್ಲರು.